ಹಿತ್ತಾಳೆ ಕಿವಿ, ಚಿನ್ನದ ಕಿವಿ: ದುಬಾರಿ ಆಡಿಯೋ ಬ್ರ್ಯಾಂಡ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೈ-ಫೈ ಹುಚ್ಚು ಹಿಡಿದವರ ಮನೆಗೆ ಬಂದವರು ಸುತ್ತಿ ಬಳಸಿ ಕೇಳುವುದು ಒಂದೇ ಮಾತು: ‘ಇಷ್ಟು ದುಡ್ಡು ಸುರಿಯುವುದಾದರೆ ಯಾವ ಕಂಪನಿಯದು ತಗೊಳ್ಳೋದು? ಒಬ್ಬೊಬ್ಬರು ಒಂದೊಂದು ಹೇಳ್ತಾರಲ್ಲ?’ ಸೂಕ್ಷ್ಮವಾಗಿ ಕೇಳಬಲ್ಲವರಿಗೆ ಇಂಗ್ಲಿಷಿನವರು ಚಿನ್ನದ ಕಿವಿಯವರು ಅನ್ನುತ್ತಾರೆ. ನಮ್ಮಲ್ಲಿ ಇರುವುದು ಹಿತ್ತಾಳೆ ಕಿವಿ, ಅಂದರೆ ಯಾರು ಏನು ಊದಿದರೂ ನಂಬುವ ಕಿವಿ. ಇಪ್ಪತ್ತು ವರ್ಷ ಈ ಗೀಳಿನಲ್ಲಿ ಕಳೆದ ಮೇಲೆ ನನಗೆ ಅನ್ನಿಸಿರುವುದು, ಈ ಎರಡೂ ಲೋಹಗಳು ಒಂದೇ ಕಿವಿಯಲ್ಲಿ ಬೆರೆತಿರುತ್ತವೆ ಅಂತ.

ಒಂದೇ ಸ್ಪೀಕರ್ ಒಬ್ಬರಿಗೆ ಜೇನು, ಇನ್ನೊಬ್ಬರಿಗೆ ತಗಡು. ಯಾರ ಮಾತು ನಿಜ?

ಹೆಚ್ಚಿನ ಸಲ ಇಬ್ಬರದೂ. ಸ್ಪೀಕರ್ ಒಂದೇ ಆದರೂ ಅವರ ಕಿವಿಗೆ ಬಿದ್ದ ಸದ್ದು ಒಂದೇ ಅಲ್ಲ. ಗೋಡೆಗೆ ಒತ್ತಿಟ್ಟರೆ ಬಾಸ್, ಅಂದರೆ ತಗ್ಗು ಸ್ವರಗಳ ಸದ್ದು, ಊದಿಕೊಳ್ಳುತ್ತದೆ, ಎರಡಡಿ ಮುಂದೆ ಎಳೆದರೆ ಇಳಿಯುತ್ತದೆ. ಎದುರುಬದುರು ಗೋಡೆಗಳ ನಡುವೆ 10 ಅಡಿ ಇದ್ದರೆ ಸುಮಾರು 56 ಹರ್ಟ್ಸ್‌ನ ಸ್ವರ ಆ ಕೋಣೆಯಲ್ಲಿ ತಾನಾಗಿಯೇ ಮೊಳಗುತ್ತದೆ. ಕೋಣೆ 10×10 ಚೌಕವಾಗಿದ್ದರೆ ಅದೇ ಸ್ವರ ಎರಡೂ ದಿಕ್ಕಿನಿಂದ ಕೂಡಿಕೊಂಡು ಕಾಟ ಕೊಡುತ್ತದೆ. ‘ಆ ಕಂಪನಿಯ ಬಾಸ್ ಬರೀ ಗುಮ್ ಅನ್ನುತ್ತೆ’ ಎಂದು ದೂರುವವರನ್ನು ನಾನು ಮೊದಲು ಕೇಳುವುದೇ ಕೋಣೆಯ ಅಳತೆ. ಎಷ್ಟೋ ಮನೆಗಳಲ್ಲಿ ತಪ್ಪು ಮೂಲೆಯದು, ಮಾರಾಟವಾಗುವುದು ಸ್ಪೀಕರಿಗೆ ಶಕ್ತಿ ತುಂಬುವ ಆಂಪ್ಲಿಫೈಯರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಇನ್ನು, ಕೊಂಡವರು ತಮ್ಮದನ್ನು ಹೊಗಳುವುದು ಇದ್ದದ್ದೇ. ಹೆತ್ತವರಿಗೆ ಹೆಗ್ಗಣ ಮುದ್ದು. ಹೆಗ್ಗಣಕ್ಕೆ ನಾಲ್ಕು ಲಕ್ಷ ಕೊಟ್ಟಿದ್ದರೆ ಇನ್ನಷ್ಟು ಮುದ್ದು.

ಬೋಸ್ ಅಂದರೆ ಜನಸಾಮಾನ್ಯರಿಗೆ ದೇವರು, ಹೈ-ಫೈ ಮಂದಿಗೆ ನಗೆಪಾಟಲು. ಯಾಕೆ?

ಈ ಜಗಳ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ ಎಂದರೆ ನಂಬಬೇಕು.

ಅಮರ್ ಬೋಸ್ ಅವರ ತಂದೆ ಬ್ರಿಟಿಷರ ಕೈಗೆ ಸಿಗದೆ ಅಮೆರಿಕಕ್ಕೆ ಹೋದ ಬಂಗಾಳಿ ಕ್ರಾಂತಿಕಾರಿ. ಮಗ ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದುಕೊಂಡೇ 1964ರಲ್ಲಿ ಕಂಪನಿ ಕಟ್ಟಿದರು. ಸಂಗೀತ ಸಭಾಂಗಣದಲ್ಲಿ ನಮಗೆ ಕೇಳಿಸುವ ಸದ್ದಿನ ದೊಡ್ಡ ಪಾಲು ವೇದಿಕೆಯಿಂದ ನೇರ ಬಂದದ್ದಲ್ಲ, ಗೋಡೆ-ಸೂರುಗಳಿಗೆ ತಾಗಿ ಬಂದದ್ದು ಎಂಬುದು ಅವರ ವಾದ. ಹಾಗಾಗಿ 1968ರಲ್ಲಿ ಬಂದ 901 ಸ್ಪೀಕರ್‌ನಲ್ಲಿ ಸದ್ದು ಹೊರಡಿಸುವ ಒಂಬತ್ತು ಡ್ರೈವರ್‌ಗಳಿದ್ದವು: ಕೇಳುಗನ ಕಡೆಗೆ ಒಂದು, ಸ್ಪೀಕರಿನ ಬೆನ್ನ ಹಿಂದಿನ ಗೋಡೆಯ ಕಡೆಗೆ ಎಂಟು! ಎತ್ತರದ ಸ್ವರಕ್ಕೆ ಟ್ವೀಟರ್ ಇಲ್ಲ, ತಗ್ಗಿನದಕ್ಕೆ ವೂಫರ್ ಇಲ್ಲ, ಎಲ್ಲವೂ ಒಂದೇ ಅಳತೆಯ ಸಣ್ಣ ಕೋನ್‌ಗಳು. ಬಾಸ್ ಮತ್ತು ಎತ್ತರದ ಸ್ವರಗಳ ಟ್ರೆಬಲ್‌ಗಳನ್ನು ಒಂದು ಈಕ್ವಲೈಜರ್ ಪೆಟ್ಟಿಗೆ ಎತ್ತಿಕೊಡುತ್ತಿತ್ತು.

1970ರಲ್ಲಿ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆ ಇದನ್ನು ವಿಮರ್ಶಿಸುತ್ತ, ವಾದ್ಯಗಳ ಸದ್ದು ಕೋಣೆಯ ತುಂಬ ಅಲೆದಾಡುತ್ತದೆ ಎಂದು ಬರೆಯಿತು. ಪಿಟೀಲು ಹತ್ತಡಿ ಅಗಲವಾಗಿ ಕೇಳಿಸಿತಂತೆ. ಬೋಸ್ ಕೇಸು ಹಾಕಿತು. ವಾದ ಕೊನೆಗೆ ನಿಂತದ್ದು ಎಲ್ಲಿ ಗೊತ್ತೆ? ಸದ್ದು ಅಲೆದದ್ದು ಕೋಣೆಯ ತುಂಬವೋ, ಎರಡು ಸ್ಪೀಕರ್‌ಗಳ ನಡುವಿನ ಗೋಡೆಯುದ್ದಕ್ಕೋ ಎಂಬಲ್ಲಿ. ಕೆಳಗಿನ ಕೋರ್ಟು ಬೋಸ್ ಪರ ತೀರ್ಪು ಕೊಟ್ಟಿತ್ತು. 1984ರಲ್ಲಿ ಸುಪ್ರೀಂ ಕೋರ್ಟು ಪತ್ರಿಕೆಯನ್ನು ಗೆಲ್ಲಿಸಿತು. ಬರೆದದ್ದರಲ್ಲಿ ತಪ್ಪಿದ್ದರೂ ಅದು ಬೇಕೆಂದೇ ಹೇಳಿದ ಸುಳ್ಳು ಎಂದು ಸಾಬೀತಾಗಿಲ್ಲ ಎಂಬ ಆಧಾರದ ಮೇಲೆ. ಸದ್ದಿನ ಬಗ್ಗೆ ಅಭಿಪ್ರಾಯ ಹೇಳುವ ನಮ್ಮಂಥವರೆಲ್ಲ ಆ ನ್ಯಾಯಮೂರ್ತಿಗಳಿಗೆ ಒಂದು ನಮಸ್ಕಾರ ಹಾಕಬೇಕು.

ನನ್ನ ಅಭಿಪ್ರಾಯ ಕೇಳಿದರೆ, 901 ಒಂದು ಪ್ರಾಮಾಣಿಕ ಪ್ರಯೋಗ. ಅಗಲವಾದ ಹಾಲಿನಲ್ಲಿ ಎಲ್ಲಿ ಕೂತರೂ ಹಿತವಾಗಿ ಕೇಳುತ್ತದೆ. ಗಾಯಕರು ಎದುರಿಗೇ ಕೂತಂತೆ ಕೇಳಬೇಕೆನ್ನುವವರಿಗೆ ನಿರಾಸೆ. ಹೈ-ಫೈ ಮಂದಿಯ ಸಿಟ್ಟಿಗೆ ಬೇರೆ ಕಾರಣವೂ ಇದೆ. ಉಳಿದವರಂತೆ ಅಳತೆಯ ಪಟ್ಟಿಗಳನ್ನು ಅಚ್ಚು ಹಾಕದೆ ಜಾಹೀರಾತಿಗೆ ಧಾರಾಳವಾಗಿ ಖರ್ಚು ಮಾಡುವ ಕಂಪನಿ ಅದು. ಆದರೆ ವಿಮಾನದಲ್ಲಿ ಇಂಜಿನ್ ಸದ್ದು ಅಡಗಿಸುವ ಅದರ ಹೆಡ್‌ಫೋನನ್ನು ಬೈಯುವವರು ಕಡಿಮೆ, ಬೈಯುವವರೇ ಅದನ್ನು ಹಾಕಿಕೊಂಡು ಕೂತದ್ದನ್ನೂ ನೋಡಿದ್ದೇನೆ.

‘ಬ್ರಿಟಿಷ್ ಸೌಂಡ್’ ಅಂತಾರಲ್ಲ, ಅದೇನು?

ಬಹುಪಾಲು ಅದು ಬಿಬಿಸಿ ಸೌಂಡ್. ಹೊರಾಂಗಣ ಪ್ರಸಾರದ ವ್ಯಾನಿನಲ್ಲಿ ಕೂತ ಇಂಜಿನಿಯರಿಗೆ ಮಾತು ಮಾತಿನಂತೆ ಕೇಳಬೇಕಿತ್ತು, ದೊಡ್ಡ ಸ್ಪೀಕರಿಗೆ ಅಲ್ಲಿ ಜಾಗವಿರಲಿಲ್ಲ. ಅದಕ್ಕಾಗಿ ಬಿಬಿಸಿಯ ಸಂಶೋಧನಾ ವಿಭಾಗ 1970ರ ದಶಕದ ಮೊದಲ ಭಾಗದಲ್ಲಿ ಮಾಡಿದ್ದು ಎಲ್‌ಎಸ್3/5ಎ: ಒಂದಡಿ ಎತ್ತರದ ಪೆಟ್ಟಿಗೆ, ಕೆಫ್ ಕಂಪನಿಯ ಎರಡು ಡ್ರೈವರ್‌ಗಳು. ಪೆಟ್ಟಿಗೆಯ ಪ್ಲೈವುಡ್ ಬೇಕೆಂದೇ ತೆಳು, ಒಳಗೆ ಕಂಪನ ಹೀರುವ ಹಾಸು. ಗಡಸಾದ ದಪ್ಪ ಹಲಗೆ ಮೊಳಗಿದರೆ ಮನುಷ್ಯರ ದನಿ ಕೆಡಿಸುವ ಜಾಗದಲ್ಲೇ ಮೊಳಗುತ್ತದೆ, ತೆಳು ಹಲಗೆಯ ಮೊಳಗನ್ನು ಕೆಳಕ್ಕೆ ತಳ್ಳಿ ಅದುಮಬಹುದು ಎಂಬುದು ಲೆಕ್ಕಾಚಾರ.

ಫಲ ಏನೆಂದರೆ, ಎಂ.ಎಸ್. ಸುಬ್ಬುಲಕ್ಷ್ಮಿಯವರ ದನಿಯೋ ಪಿ.ಬಿ. ಶ್ರೀನಿವಾಸ್ ಅವರ ದನಿಯೋ ಅದರಲ್ಲಿ ಬಂದರೆ ನಾವು ಸ್ಪೀಕರನ್ನು ಮರೆಯುತ್ತೇವೆ. ಆದರೆ ಅದಕ್ಕೆ ಜೋರಾಗಿ ಕೂಗಲು ಬರುವುದಿಲ್ಲ, ಆಳವಾದ ಬಾಸ್ ಇಲ್ಲವೇ ಇಲ್ಲ. ಗಂಡುದನಿಗೆ ಶ್ರುತಿ ಮಾಡಿದ ತಂಬೂರಿಯ ಮಂದ್ರ ಷಡ್ಜ ಸುಮಾರು 65-70 ಹರ್ಟ್ಸ್‌ನಲ್ಲಿರುತ್ತದೆ. ಆ ಹೊತ್ತಿಗೆ ಈ ಪುಟ್ಟ ಪೆಟ್ಟಿಗೆಯ ಉಸಿರು ಇಳಿಯತೊಡಗಿರುತ್ತದೆ. ಆದರೂ ಷಡ್ಜ ಕೇಳಿಸುತ್ತದಲ್ಲ? ಕುದುರೆಯ ಮೇಲೆ ತಂತಿಯಡಿ ಇಡುವ ನೂಲೆಳೆ ಎಬ್ಬಿಸುವ ಮೇಲುಸ್ವರಗಳ ರಾಶಿಯಿಂದ ಮೂಲಸ್ವರವನ್ನು ನಮ್ಮ ಮಿದುಳೇ ತುಂಬಿಕೊಳ್ಳುತ್ತದೆ. ಜೊತೆಗೆ ಬಾಸ್‌ನ ಮೇಲ್ಭಾಗದಲ್ಲಿ ವಿನ್ಯಾಸಕರೇ ಸ್ವಲ್ಪ ಉಬ್ಬು ಬಿಟ್ಟಿದ್ದಾರೆ. ಇದನ್ನೇ ಒಬ್ಬರು ‘ಮಾಂತ್ರಿಕ ಮಿಡ್‌ರೇಂಜ್’ (ನಡುವಿನ ಸ್ವರಗಳು) ಎನ್ನುತ್ತಾರೆ, ಇನ್ನೊಬ್ಬರು ‘ಬಾಸ್ ಇದೆಯೆಂದು ಕಿವಿಗೆ ಹೂವಿಡುವ ಉಪಾಯ’ ಎನ್ನುತ್ತಾರೆ. ಇಬ್ಬರೂ ವರ್ಣಿಸುತ್ತಿರುವುದು ಆ ಒಂದೇ ಉಬ್ಬನ್ನು.

ರೋಜರ್ಸ್, ಸ್ಪೆಂಡರ್, ಹಾರ್ಬೆತ್: ಎಲ್‌ಎಸ್3/5ಎ ಯಾರದು ಶ್ರೇಷ್ಠ?

ಎಲ್ಲರೂ ಬಿಬಿಸಿಯ ಪರವಾನಗಿ ಪಡೆದು ಒಂದೇ ವಿನ್ಯಾಸವನ್ನು, ಬಿಬಿಸಿ ಗೊತ್ತುಮಾಡಿದ ಮಿತಿಯೊಳಗೆ ತಯಾರಿಸಿದವರು. ವಿದ್ಯುತ್ ತಡೆಯ ಲೆಕ್ಕದಲ್ಲಿ 15 ಓಮ್‌ನ ಹಳೆಯ ಜೋಡಿಗೂ ಆಮೇಲಿನ 11 ಓಮ್‌ನ ಜೋಡಿಗೂ ಕ್ರಾಸ್‌ಓವರ್ (ಸ್ವರಗಳನ್ನು ಎರಡು ಡ್ರೈವರುಗಳಿಗೆ ಹಂಚುವ ಸರ್ಕ್ಯೂಟ್) ಬೇರೆ, ವ್ಯತ್ಯಾಸ ಇರಬಹುದು. ಲೇಬಲ್ ನೋಡಿ ಮಾರುಕಟ್ಟೆಯಲ್ಲಿ ಏರುವ ಬೆಲೆ ಮಾತ್ರ ಅಂಚೆಚೀಟಿ ಸಂಗ್ರಹಿಸುವವರ ಲೋಕಕ್ಕೆ ಸೇರಿದ್ದು. ಅಂದಹಾಗೆ ಸ್ಪೆಂಡರ್ ಎಂಬ ಹೆಸರು ಬಿಬಿಸಿಯಲ್ಲಿದ್ದ ಸ್ಪೆನ್ಸರ್ ಹ್ಯೂಸ್ ಮತ್ತು ಅವರ ಪತ್ನಿ ಡೊರೊಥಿ, ಇಬ್ಬರ ಹೆಸರು ಬೆಸೆದು ಆದದ್ದು. ಹಾರ್ಬೆತ್ ಕೂಡ ಹಾಗೇ, ಬಿಬಿಸಿಯ ಡಡ್ಲಿ ಹಾರ್ವುಡ್ ಮತ್ತು ಎಲಿಜಬೆತ್. ಮನೆಗೆ ‘ಶ್ರೀನಿವಾಸ-ಪದ್ಮಾವತಿ ನಿಲಯ’ ಎಂದು ಹೆಸರಿಡುವ ನಮಗೆ ಇದು ಕೂಡಲೇ ಅರ್ಥವಾಗುತ್ತದೆ.

ಸ್ಟುಡಿಯೋದಲ್ಲಿ ಬಳಸುವ ಬ್ರ್ಯಾಂಡ್ ಅಂದರೆ ಮನೆಗೂ ಉತ್ತಮ ಅಂತಲೇ?

ಅಂತಲ್ಲ. ಇದಕ್ಕೆ ಯಮಹಾ ಎನ್‌ಎಸ್-10 ಗಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. 1978ರಲ್ಲಿ ಮನೆಬಳಕೆಗೆಂದು ಬಂದ ಸ್ಪೀಕರ್, ಮನೆಗಳಲ್ಲಿ ಸೋತಿತು. ಟ್ರೆಬಲ್ ಚುಚ್ಚುತ್ತಿತ್ತು, ಬಾಸ್ ಕಡಿಮೆ. ಅದೇ ಬಿಳಿ ಕೋನಿನ ಸ್ಪೀಕರ್ 80ರ ದಶಕದಲ್ಲಿ ಜಗತ್ತಿನ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲೆಲ್ಲ ಮಿಕ್ಸರ್ ಮೇಜಿನ ಮೇಲೆ ಅಡ್ಡ ಮಲಗಿತು. ಇದರಲ್ಲಿ ಸರಿ ಕೇಳಿದರೆ ಎಲ್ಲಿ ಹಾಕಿದರೂ ಸರಿ ಕೇಳುತ್ತದೆ ಎಂಬುದು ಇಂಜಿನಿಯರುಗಳ ಅನುಭವ. ಚುಚ್ಚು ತಾಳದೆ ಟ್ವೀಟರ್ ಮುಂದೆ ಟಿಶ್ಯೂ ಕಾಗದ ಅಂಟಿಸಿಕೊಂಡರು, ಸ್ಪೀಕರ್ ಮಾತ್ರ ಬದಲಿಸಲಿಲ್ಲ. ಹುಳುಕು ತೋರಿಸುವುದು ಅದರ ಕೆಲಸ. ಹುಳುಕು ತೋರಿಸುವ ನೆಂಟರನ್ನು ದಿನಾ ಮನೆಯಲ್ಲಿಟ್ಟುಕೊಳ್ಳಲು ಆಗುತ್ತದೆಯೇ?

ಬ್ರಿಟನ್ನಿನ ಸ್ಪೀಕರ್ ಕಂಪನಿ ಬಿ ಆಂಡ್ ಡಬ್ಲ್ಯು ಕಥೆ ಬೇರೆ. 1979ರ ಅವರ 801 ಮತ್ತು ಅದರ ಮುಂದಿನ ಪೀಳಿಗೆಗಳು ಲಂಡನ್ನಿನ ಅಬೇ ರೋಡ್ ಸ್ಟುಡಿಯೋದಲ್ಲಿ ನೆಲೆಯೂರಿದವು, ಆ ಹೆಸರು ಶೋರೂಮುಗಳಲ್ಲಿ ಇವತ್ತಿಗೂ ದುಡಿಯುತ್ತಿದೆ. ಆದರೆ ಅಬೇ ರೋಡಿನ ಹಳೆಯ 801 ಬೇರೆ, ಈಗಿನ ವಜ್ರದ ಟ್ವೀಟರಿನ ಸ್ಪೀಕರ್ ಬೇರೆ. ಇತ್ತೀಚಿನವುಗಳಲ್ಲಿ ಟ್ರೆಬಲ್ ಮೇಲಕ್ಕೇಳುವುದನ್ನು ಅಳತೆ ಮಾಡಿದವರು ತೋರಿಸಿದ್ದಾರೆ. ಅದು ‘ವಿವರ’ವೋ ‘ಕಿರಿಕಿರಿ’ಯೋ ಎಂಬುದು ನಿಮ್ಮ ವಯಸ್ಸಿನ ಮೇಲೂ ನಿಂತಿದೆ. ಐವತ್ತು ದಾಟಿದ ಕಿವಿಗೆ 12-14 ಕಿಲೋಹರ್ಟ್ಸ್ ಮೇಲಿನದು ಸರಿಯಾಗಿ ಕೇಳುವುದೇ ಕಷ್ಟ. ಈ ಸ್ಪೀಕರುಗಳನ್ನು ಕೊಳ್ಳುವ ಶಕ್ತಿ ಬರುವುದೂ ಆ ವಯಸ್ಸಿಗೇ.

ಲಿನ್, ನೈಮ್ ಇಟ್ಟುಕೊಂಡವರು ಭಕ್ತರಂತೆ ಮಾತಾಡುವುದೇಕೆ?

ಗ್ಲಾಸ್ಗೋದ ಐವರ್ ಟೀಫನ್‌ಬ್ರನ್ 70ರ ದಶಕದ ಆರಂಭದಲ್ಲಿ ಲಿನ್ ಎಲ್‌ಪಿ12 ಟರ್ನ್‌ಟೇಬಲ್ ತಂದಾಗ ಲೋಕದ ನಂಬಿಕೆ ‘ಸ್ಪೀಕರೇ ಮುಖ್ಯ, ತಟ್ಟೆ ತಿರುಗಿದರೆ ಸಾಕು’ ಎಂದಿತ್ತು. ಅವರು ಅದನ್ನು ತಲೆಕೆಳಗು ಮಾಡಿದರು: ಮೂಲದಲ್ಲಿ ಕಳೆದುಕೊಂಡದ್ದನ್ನು ಮುಂದೆ ಯಾವ ಸ್ಪೀಕರೂ ತಂದುಕೊಡಲಾರದು. ಮಾತಿನಲ್ಲಿ ಹುರುಳಿದೆ. ಆದರೆ ಡೆಮೊ ಕೋಣೆಯಲ್ಲಿ ಬೇರೆ ಯಾವ ಸ್ಪೀಕರೂ ಸುಮ್ಮನೆ ಕೂಡ ಇರಕೂಡದು ಎಂಬ ನಿಯಮದವರೆಗೆ ಹೋದಾಗ ಅದು ಮಡಿಯಂತೆ ಕಾಣತೊಡಗಿತು.

ಸಾಲ್ಸ್‌ಬರಿಯ ಆಂಪ್ಲಿಫೈಯರ್ (ಆಂಪ್) ಕಂಪನಿ ನೈಮ್ ಮಂದಿ ‘ಲಯ ಬರುತ್ತದೋ ಇಲ್ಲವೋ ನೋಡಿ, ಉಳಿದದ್ದು ಬಿಡಿ’ ಎಂದರು. ಕಾಲು ತಾಳ ಹಾಕಿದರೆ ಆಂಪ್ ಒಳ್ಳೆಯದು. ಅಳತೆಗೆ ಸಿಗದ ಈ ಮಾತನ್ನು ಇಂಜಿನಿಯರುಗಳು ಗೇಲಿ ಮಾಡುತ್ತಾರೆ. ನನಗೂ ಅನುಮಾನವಿದೆ, ಆದರೆ ಆದಿತಾಳ ಕೇಳುತ್ತ ಬೆಳೆದವನಿಗೆ ಈ ಗೇಲಿಯಲ್ಲಿ ಪೂರ್ತಿ ಸೇರಿಕೊಳ್ಳಲು ಮನಸ್ಸು ಬರುವುದಿಲ್ಲ.

ಆಂಪ್ಲಿಫೈಯರುಗಳಲ್ಲಿ ನಿಜಕ್ಕೂ ವ್ಯತ್ಯಾಸ ಕೇಳಿಸುತ್ತದೆಯೇ?

ಹಾರ್ಬೆತ್ ನಡೆಸುವ ಅಲನ್ ಶಾ ಬಹಳ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ: ಸರಿಯಾಗಿ ವಿನ್ಯಾಸ ಮಾಡಿದ ಆಂಪ್‌ಗಳನ್ನು ಅವುಗಳ ಶಕ್ತಿಯ ಮಿತಿಯೊಳಗೆ, ವಾಲ್ಯೂಮ್ ಕರಾರುವಾಕ್ಕಾಗಿ ಸರಿಸಮ ಮಾಡಿ ಕೇಳಿದರೆ ಬೇರೆಬೇರೆ ಎಂದು ಗುರುತಿಸಲಾಗದು. ಅವರದೇ ಸ್ಪೀಕರ್ ಕೊಂಡವರು ಅದಕ್ಕೆ ಹತ್ತು ಲಕ್ಷದ ಆಂಪ್ ಜೋಡಿಸಿ ಸಂತೋಷವಾಗಿದ್ದಾರೆ.

1985ರಲ್ಲಿ ಬಾಬ್ ಕಾರ್ವರ್ ಎಂಬ ಅಮೆರಿಕನ್ ವಿನ್ಯಾಸಕರು ಇನ್ನೂ ಧೈರ್ಯ ಮಾಡಿದರು. ‘ನೀವು ತೋರಿಸಿದ ಯಾವ ದುಬಾರಿ ಆಂಪ್‌ನ ಸದ್ದನ್ನಾದರೂ ನನ್ನ ಅಗ್ಗದ ಆಂಪ್‌ನಲ್ಲಿ ತರುತ್ತೇನೆ’ ಎಂದು ‘ಸ್ಟೀರಿಯೋಫೈಲ್’ ಪತ್ರಿಕೆಗೆ ಸವಾಲು. ಪತ್ರಿಕೆಯವರು ಭಾರಿ ಬೆಲೆಯ ಒಂದು ವಾಲ್ವ್ (ಗಾಜಿನ ಕೊಳವೆಯ) ಆಂಪ್ ಕೊಟ್ಟರು. ಕಾರ್ವರ್ ಎರಡು ದಿನ ಕೂತು, ಎರಡೂ ಆಂಪ್‌ಗಳ ಹೊರಬರುವ ಸಂಕೇತವನ್ನು ಒಂದರಿಂದ ಇನ್ನೊಂದನ್ನು ಕಳೆದು, ಉಳಿದದ್ದು ಬಹುತೇಕ ಇಲ್ಲವಾಗುವ ತನಕ ತಮ್ಮದನ್ನು ತಿದ್ದಿದರು. ಸಂಪಾದಕರು ಗುರುತಿಸಲಾಗಲಿಲ್ಲ ಎಂದು ಒಪ್ಪಿಕೊಂಡರು. ಈ ಕಥೆಯನ್ನು ‘ಎಲ್ಲ ಆಂಪ್ ಒಂದೇ’ ಎನ್ನುವವರು ಹೇಳುತ್ತಾರೆ. ಆದರೆ ನೋಡಿ, ತಿದ್ದುವ ಮೊದಲು ಅವು ಬೇರೆಬೇರೆಯಾಗಿದ್ದವು ಎಂಬುದೂ ಇದರಲ್ಲೇ ಇದೆ. ವಾಲ್ವ್ ಆಂಪ್ ಸ್ಪೀಕರಿನ ಓಮ್‌ಗೆ ತಕ್ಕಂತೆ ಸದ್ದು ಬದಲಿಸುತ್ತದೆ, ಅದರಲ್ಲಿ ಮಾಯೆಯೇನಿಲ್ಲ.

ನನ್ನ ಕಥೆ ಕೇಳಿ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಎರಡು ಆಂಪ್ ಕೇಳಿಸಿದರು, ಎರಡನೆಯದು ಎಷ್ಟು ‘ತೆರೆದುಕೊಂಡಿತು’ ಎಂದರೆ ಚೆಕ್‌ಬುಕ್ಕಿಗೆ ಕೈ ಹಾಕಿದ್ದೆ. ಮಾರನೆಯ ವಾರ ಫೋನಿನಲ್ಲಿ ಸದ್ದಿನ ಮೀಟರ್ ಆ್ಯಪ್ ಇಟ್ಟುಕೊಂಡು ಹೋದೆ. ಎರಡನೆಯದು ಸುಮಾರು 2 ಡೆಸಿಬೆಲ್ ಜೋರಾಗಿತ್ತು, ಅಷ್ಟೇ. ಅಷ್ಟು ಸಣ್ಣ ಏರಿಕೆ ನಮಗೆ ‘ಜೋರು’ ಎನ್ನಿಸುವುದಿಲ್ಲ, ‘ಚೆನ್ನಾಗಿದೆ’ ಎನ್ನಿಸುತ್ತದೆ.

ಮ್ಯಾಕಿಂಟಾಷ್‌ನ ಆಂಪ್‌ಗಳ ನೀಲಿ ಮೀಟರಿಗೇ ಅಷ್ಟು ದುಡ್ಡಾ?

ಸ್ವಲ್ಪ ಮಟ್ಟಿಗೆ ಹೌದು, ಮತ್ತು ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. 1969ರ ವುಡ್‌ಸ್ಟಾಕ್ ಮೈದಾನಕ್ಕೆ ಸದ್ದು ಕೊಟ್ಟ ಆಂಪ್‌ಗಳು ಅವರವೇ. ಗಟ್ಟಿ ಕೆಲಸ, ದಶಕಗಳ ಬಾಳಿಕೆ. ಕತ್ತಲ ಕೋಣೆಯಲ್ಲಿ ಆ ನೀಲಿ ಬೆಳಕು ಕಂಡರೆ ಸದ್ದು ಬೆಚ್ಚಗಾಗುತ್ತದೆ ಎಂದು ಎಷ್ಟೋ ಮಂದಿ ಆಣೆ ಮಾಡುತ್ತಾರೆ.

ಹಾಗಾದರೆ ಬೆಲೆ, ಹೆಸರು ನೋಡಿ ಕಿವಿ ಮೋಸ ಹೋಗುತ್ತದೆಯೇ?

ಹೋಗುತ್ತದೆ, ಬಲ್ಲವರದೂ ಕೂಡ. 1994ರಲ್ಲಿ ಹಾರ್ಮನ್ ಕಂಪನಿಯ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ತಮ್ಮದೇ ಕಂಪನಿಯ 40 ಜನರಿಗೆ ನಾಲ್ಕು ಸ್ಪೀಕರ್ ಕೇಳಿಸಿದರು. ಪರದೆಯ ಹಿಂದಿಟ್ಟು ಒಮ್ಮೆ, ಕಣ್ಣೆದುರಿಟ್ಟು ಒಮ್ಮೆ. ಪರದೆ ಇದ್ದಾಗ ಚೆನ್ನಾಗಿಯೇ ಅಂಕ ಪಡೆದ ಒಂದು ಅಗ್ಗದ ಪುಟ್ಟ ಪ್ಲಾಸ್ಟಿಕ್ ಸೆಟ್ಟು, ಪರದೆ ಸರಿದ ಕೂಡಲೇ ಕೆಳಕ್ಕಿಳಿಯಿತು. ದೊಡ್ಡ, ಚೆಂದದ ಪೆಟ್ಟಿಗೆಗಳು ಮೇಲೇರಿದವು. ಸ್ಪೀಕರ್ ಮಾರುವ ಕಂಪನಿಯೇ ಮಾಡಿದ ಪರೀಕ್ಷೆ ಇದು ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಪೆದ್ದಾದದ್ದು ಅವರದೇ ನೌಕರರು ಎಂಬುದನ್ನು ಮರೆಯಬಾರದು.

ಇದಕ್ಕಿಂತ ನನ್ನನ್ನು ಹೆಚ್ಚು ಕಲಕಿದ್ದು 2022ರ ಮೊಬೈಲ್ ಫಿಡೆಲಿಟಿ ಪ್ರಕರಣ. ಹಳೆಯ ಆಲ್ಬಂಗಳನ್ನು ಮೂಲ ಟೇಪಿನಿಂದ ಎಲ್‌ಪಿಗೆ ತರುವುದರಲ್ಲಿ ಈ ಅಮೆರಿಕನ್ ಕಂಪನಿಗೆ ದೊಡ್ಡ ಹೆಸರು. ಡಿಜಿಟಲ್ ಸೋಂಕಿಲ್ಲದ ಶುದ್ಧ ಅನಲಾಗ್ ಎಂದು ನಂಬಿ ನೂರಾರು ಡಾಲರ್ ಕೊಟ್ಟವರು ಲೆಕ್ಕವಿಲ್ಲ. ಮೈಕೇಲ್ ಜಾಕ್ಸನ್ನರ ಒಂದು ಆಲ್ಬಂ 40,000 ಪ್ರತಿ ತರುತ್ತೇವೆ ಎಂದಾಗ, ಮೂಲ ಟೇಪನ್ನು ಅಷ್ಟು ಸಲ ಓಡಿಸಲು ಹೇಗೆ ಸಾಧ್ಯ ಎಂಬ ಅನುಮಾನ ಎದ್ದಿತು. ಕೊನೆಗೆ ಕಂಪನಿಯ ಇಂಜಿನಿಯರುಗಳೇ ಒಪ್ಪಿಕೊಂಡರು, ನಡುವೆ ಡಿಜಿಟಲ್ ಹಂತ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದೆ ಎಂದು. ‘ಡಿಜಿಟಲ್ ಒಂದು ಹನಿ ಸೇರಿದರೂ ಗೊತ್ತಾಗುತ್ತೆ’ ಎನ್ನುತ್ತಿದ್ದ ಚಿನ್ನದ ಕಿವಿಗಳು ಅಷ್ಟೂ ವರ್ಷ ಅದೇ ತಟ್ಟೆಗಳನ್ನು ಕೊಂಡಾಡಿದ್ದವು. ತಟ್ಟೆಗಳು ಚೆನ್ನಾಗಿಯೇ ಇದ್ದವು, ಈಗಲೂ ಇವೆ. ಮುಚ್ಚಿಟ್ಟದ್ದು ತಪ್ಪು.

ಕೇಬಲ್?

ದಪ್ಪ ತಾಮ್ರ, ಗಟ್ಟಿ ಜೋಡಣೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಒಂದು ವಿನಾಯಿತಿ: ಹಳೆಯ ನೈಮ್ ಆಂಪ್‌ಗಳು ಸ್ಥಿರವಾಗಿರಲು ಸ್ಪೀಕರ್ ಕೇಬಲ್ಲಿನ ಇಂಡಕ್ಟನ್ಸನ್ನೇ (ವಿದ್ಯುತ್ತಿನ ಏರಿಳಿತಕ್ಕೆ ಅಡ್ಡ ನಿಲ್ಲುವ ಗುಣ) ನೆಚ್ಚಿಕೊಂಡಿವೆ, ಅವಕ್ಕೆ ಕಂಪನಿ ಹೇಳಿದ ಕೇಬಲ್ ಹೇಳಿದಷ್ಟು ಉದ್ದಕ್ಕೇ ಹಾಕಿ.

ಅಳತೆಯ ಗ್ರಾಫ್ ನೋಡಿ ಕೊಂಡರೆ ಸಾಲದೇ?

ಡ್ಯಾಕ್ (ಡಿಜಿಟಲ್ ಸಂಕೇತವನ್ನು ಅನಲಾಗ್ ಸಂಕೇತಕ್ಕೆ ತಿರುಗಿಸುವ ಪೆಟ್ಟಿಗೆ) ಆದರೆ ಸಾಕು. ಕೆಲವು ಸಾವಿರ ರೂಪಾಯಿಯ ಚೀನೀ ಡ್ಯಾಕ್‌ಗಳು ಇವತ್ತು ಕಿವಿಯ ಅಳವಿಗೆ ಮೀರಿದ ಶುದ್ಧತೆ ತೋರಿಸುತ್ತವೆ, ಅದಕ್ಕಿಂತ ಹೆಚ್ಚು ಕೊಡುವುದು ಪೆಟ್ಟಿಗೆಯ ಅಂದಕ್ಕೆ. ಸ್ಪೀಕರಿಗೆ ಗ್ರಾಫ್ ಅರ್ಧ ದಾರಿ ತೋರಿಸುತ್ತದೆ: ನೇರ ಸದ್ದೂ ಪಕ್ಕಕ್ಕೆ ಹೋಗುವ ಸದ್ದೂ ಏರುಪೇರಿಲ್ಲದೆ ಇದ್ದರೆ ಅದು ಬಹುತೇಕ ಕೋಣೆಗಳಲ್ಲಿ ಮರ್ಯಾದೆಯಿಂದ ನಡೆದುಕೊಳ್ಳುತ್ತದೆ.

ಕಂಪನಿ ಕೈ ಬದಲಾದರೆ ಸದ್ದೂ ಬದಲಾಗುತ್ತದೆಯೇ?

ಹೆಸರು ಒಂದು ಕಡೆ, ಮನುಷ್ಯ ಇನ್ನೊಂದು ಕಡೆ ಆಗುವುದು ಇಲ್ಲಿ ಮಾಮೂಲು. ಮಾರ್ಕ್ ಲೆವಿನ್ಸನ್ ಎಂಬವರು ಮಾರ್ಕ್ ಲೆವಿನ್ಸನ್ ಕಂಪನಿಯನ್ನು ಬಿಟ್ಟು ನಲವತ್ತು ವರ್ಷದ ಮೇಲಾಯಿತು. ಹೆಸರು ಈಗ ಹಾರ್ಮನ್ ಬಳಿ, ಹಾರ್ಮನ್ 2017ರಿಂದ ಸ್ಯಾಮ್‌ಸಂಗ್ ಬಳಿ. 2024ರ ನವೆಂಬರಿನಲ್ಲಿ ಮ್ಯಾಕಿಂಟಾಷ್ ಕಂಪನಿಯನ್ನು ಕೊಂಡವರು ಯಾರು? ಬೋಸ್! ಬೋಸ್ ಬೈದುಕೊಂಡು ಮ್ಯಾಕಿಂಟಾಷ್ ಪೂಜಿಸುತ್ತಿದ್ದ ಗೆಳೆಯರೊಬ್ಬರು ಒಂದು ವಾರ ಫೋನ್ ಎತ್ತಲಿಲ್ಲ.

ನಿಜವಾಗಿ ಮಾನ ಹೋದದ್ದು 2010ರಲ್ಲಿ, ಲೆಕ್ಸಿಕನ್ ಹೆಸರಿನ 3,500 ಡಾಲರಿನ ಬ್ಲೂ-ರೇ ಪ್ಲೇಯರ್ ಬಿಚ್ಚಿ ನೋಡಿದಾಗ. ಒಳಗೆ 500 ಡಾಲರಿನ ಒಪ್ಪೋ ಪ್ಲೇಯರ್ ತನ್ನ ಕವಚದ ಸಮೇತ ಕೂತಿತ್ತು.

ನಮ್ಮ ದೇಶದಲ್ಲಿ ಇದರ ತಿರುವುಮುರುವು ಆಗಿದೆ. 1970ರಲ್ಲಿ ಕೋಲ್ಕತ್ತದಲ್ಲಿ ಶುರುವಾದ ಸೋನೋಡೈನ್ ಅಂದರೆ ಈಗಲೂ ಹಲವರಿಗೆ ‘ಅಪ್ಪನ ಕಾಲದ ಸ್ಟೀರಿಯೋ’. ಅವರು ಮಾಡುವ ಸ್ಟುಡಿಯೋ ಮಾನಿಟರ್ (ಸ್ಟುಡಿಯೋದಲ್ಲಿ ಬಳಸುವ ಸ್ಪೀಕರ್) ಕೇಳದೆಯೇ ಹೀಗೆನ್ನುತ್ತಾರೆ.

ನಮ್ಮ ಮನೆಗಳಿಗೆ ಯಾವ ಬಗೆಯ ಸದ್ದು ಹೊಂದುತ್ತದೆ?

ವಿದೇಶಿ ವಿಮರ್ಶಕರು ಕೇಳುವುದು ಮರದ ನೆಲ, ಟೊಳ್ಳು ಗೋಡೆ, ಕಾರ್ಪೆಟ್ ಇರುವ ಕೋಣೆಯಲ್ಲಿ. ನಮ್ಮದು ಇಟ್ಟಿಗೆ ಗೋಡೆ, ಕಾಂಕ್ರೀಟ್ ಸೂರು, ಗ್ರಾನೈಟ್ ಅಥವಾ ಟೈಲ್ಸ್ ನೆಲ. ಚಪ್ಪಾಳೆ ತಟ್ಟಿದರೆ ಝಣ್ ಅನ್ನುತ್ತದೆ. ಅವರಿಗೆ ‘ಉಲ್ಲಾಸದ’ ಟ್ರೆಬಲ್ ನಮಗೆ ತಲೆನೋವು. ಅವರ ಗೋಡೆಯಿಂದ ಸೋರಿಹೋಗುವ ಬಾಸ್ ನಮ್ಮಲ್ಲಿ ಒಳಗೇ ಸುತ್ತುತ್ತದೆ. ಹಾಗಾಗಿ ‘ಸಪ್ಪೆ’ ಎಂದು ಅವರು ಬರೆದ ಸ್ಪೀಕರ್ ಜಯನಗರದ ಹಾಲಿನಲ್ಲಿ ಹದವಾಗಿ ಕೇಳಬಹುದು. ಮೊದಲು ಒಂದು ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ, ಎದುರು ಗೋಡೆಗೆ ಪುಸ್ತಕದ ಕಪಾಟು. ಆಮೇಲೆ ಬ್ರ್ಯಾಂಡ್.

ಡೆಮೊಗೆ ಹೋಗುವಾಗ ಏನು ಒಯ್ಯಬೇಕು?

ನಿಮಗೆ ಬಾಯಿಪಾಠವಾಗಿರುವ ಸಂಗೀತ. ಅಂಗಡಿಯವರು ಹಾಕುವ ಮೆಲುದನಿಯ ಗಾಯಕಿ ಮತ್ತು ಡಬಲ್ ಬಾಸ್ ಯಾವ ಸ್ಪೀಕರಿನಲ್ಲೂ ಚೆನ್ನಾಗಿಯೇ ಕೇಳುತ್ತವೆ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯಲ್ಲಿ ಮೀಟಿನ ತುದಿ ಗಾಜಿನಂತೆ ಒಡೆದರೆ ಟ್ರೆಬಲ್ ಹೆಚ್ಚು. ಮಲ್ಲಿಕಾರ್ಜುನ ಮನ್ಸೂರರ ದನಿ ಎದೆಯಿಂದ ಬರದೆ ಮೂಗಿನಿಂದ ಬಂದರೆ ಮಿಡ್‌ರೇಂಜ್ ಕೆಟ್ಟಿದೆ. ಜೊತೆಗೆ 80ರ ದಶಕದ ಒಂದು ಕಳಪೆ ಮುದ್ರಣದ ಚಿತ್ರಗೀತೆಯೂ ಇರಲಿ; ಮನೆಯಲ್ಲಿ ನೀವು ಹೆಚ್ಚು ಕೇಳುವುದು ಅದನ್ನೇ. ಹಿಂದೆಮುಂದೆ ಬದಲಿಸುವಾಗ ವಾಲ್ಯೂಮ್ ಸಮ ಮಾಡಿಸಿ. ಬೆಲೆ ಕೊನೆಗೆ ಕೇಳಿ.

ತಂದ ಮೇಲೆ ಇಷ್ಟವಾಗದಿದ್ದರೆ?

ಒಂದು ತಿಂಗಳು ಜಾಗ ಬದಲಿಸಿ ನೋಡಿ. ಆಗಲೂ ಒಗ್ಗದಿದ್ದರೆ ಮಾರಿ. ಹೆಸರಿಗೆ ನಗದು ಬೆಲೆ ಬರುವುದು ಆಗಲೇ: ಯಾರೂ ಕೇಳಿರದ ಕಂಪನಿಯ ಒಳ್ಳೆಯ ಸ್ಪೀಕರ್ ಅರ್ಧಕ್ಕೂ ಹೋಗದು, ಹೆಸರಾದವರದು ಎರಡು ದಿನದಲ್ಲಿ ಹೋಗುತ್ತದೆ. ಅದಕ್ಕಾಗಿ ರಟ್ಟಿನ ಪೆಟ್ಟಿಗೆ ಮತ್ತು ಥರ್ಮಾಕೋಲ್ ಎಸೆಯಬೇಡಿ, ಅಟ್ಟದ ಮೇಲೆ ಜಾಗ ಮಾಡಿಡಿ.